ಸ್ಪಷ್ಟನೆ: ಮಂಡಿ ಬಿಲ್ಲಿಗೆ ಫ್ಲೋಟ್ ಸಾಕಾಗಲ್ಲ

ಕೋಲಾರದಲ್ಲಿ ಕೋಡಿಂಗ್ ಕಲಿಯುವ ಹುಡುಗರ ನಡುವೆ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ: "ಫ್ಲೋಟ್‌ನಲ್ಲಿ ಎಲ್ಲ ಸಂಖ್ಯೆಯೂ ಹಿಡಿಯುತ್ತೆ, ಇಂಟಿಜರ್ ಬೇಡ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರೋದು ಪೈಥಾನ್ ಬಗ್." ಇಂಟಿಜರ್ ಅಂದರೆ ಪೂರ್ಣ ಸಂಖ್ಯೆ; ಫ್ಲೋಟ್ ಅಂದರೆ ಕಂಪ್ಯೂಟರ್ ಚುಕ್ಕಿಯಿರುವ ಸಂಖ್ಯೆ ಇಟ್ಟುಕೊಳ್ಳುವ ರೀತಿ. ಮೆಸೇಜಿನ ಎರಡು ಮಾತೂ ತಪ್ಪು.

ಅದು ಪೈಥಾನ್ ಭಾಷೆಯ ಬಗ್ (ದೋಷ) ಅಲ್ಲ; ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಕೋಡಿಂಗ್ ಭಾಷೆಯಲ್ಲೂ ಅದೇ ಉತ್ತರ. ಕಂಪ್ಯೂಟರ್ ಚುಕ್ಕಿಸಂಖ್ಯೆಗಳಿಗೆಂದೇ ಇರುವ 1985ರ ಐಇಇಇ 754 ಮಾನದಂಡದ ಫ್ಲೋಟ್‌ಗಳು ಎರಡರ ಲೆಕ್ಕದಲ್ಲಿ ನಡೆಯುತ್ತವೆ. ನಮ್ಮ ಅಜ್ಜಂದಿರ ಅರ್ಧ, ಕಾಲು, ಅರೆಕಾಲು (1/8), ವೀಸ (1/16) ಇದ್ದವಲ್ಲ, ಹಾಗೇ. ಅರ್ಧಕ್ಕೆ ಕಾಲು ಕೂಡಿಸಿ, ಕರೆಕ್ಟಾಗಿ ಮುಕ್ಕಾಲು ಬರುತ್ತದೆ. ಹತ್ತನೇ ಒಂದು ಭಾಗ ಮಾತ್ರ ಅದರಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಹತ್ತಿರದ ಸಂಖ್ಯೆ ಇಟ್ಟುಕೊಂಡು ಸುಮ್ನಾಗುತ್ತದೆ.

ಟೊಮೆಟೊ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತೀರಿ ಅಂದುಕೊಳ್ಳಿ. ಬಾಕ್ಸ್ ಎಣಿಕೆ ಇಂಟಿಜರ್, ಅದರಲ್ಲಿ ಚರ್ಚೆಯೇ ಇಲ್ಲ. ದುಡ್ಡೂ ಇಂಟಿಜರ್, ಆದರೆ ಪೈಸೆಯಲ್ಲಿ: ₹412.10 ಅನ್ನು 41210 ಎಂದು ಇಡಿ, ತೋರಿಸುವಾಗ ಮಾತ್ರ ಚುಕ್ಕಿ ಹಾಕಿ. ತೂಕ 14.7 ಕೆಜಿ ಅಂದರೆ ಫ್ಲೋಟ್ ಇರಲಿ. ತಕ್ಕಡಿಯೇ ಅಷ್ಟು ಕರಾರುವಾಕ್ಕಲ್ಲ, ಅಲ್ವಾ?

"ಎಲ್ಲ ಸಂಖ್ಯೆಯೂ ಹಿಡಿಯುತ್ತೆ" ಅಂದವರು 32 ಬಿಟ್ (ಸೊನ್ನೆ-ಒಂದರ 32 ಸ್ಥಾನಗಳ) ಫ್ಲೋಟ್‌ನಲ್ಲಿ 1,67,77,216 ಇಟ್ಟು ಒಂದು ಕೂಡಿಸಿ ನೋಡಲಿ. ಸಂಖ್ಯೆ ಇದ್ದಲ್ಲೇ ಇರುತ್ತದೆ.