ಎರಡು ಗಂಟೆಯ ರೂಲ್ಸು

ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಇಡ್ಲಿ ಹಿಟ್ಟನ್ನು ಫ್ರಿಜ್‌ಗೆ ಸೇರಿಸುವವರನ್ನು ನಿಮ್ಮ ಕಡೆ ಏನಂತ ಕರೆಯುತ್ತಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಜಮಾನರು ಅನ್ನುತ್ತೇವೆ.

ಇವರು ಬ್ಯಾಂಕಿನಿಂದ ರಿಟೈರ್ ಆದವರು. ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ಎಲ್ಲಿದೆ ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಇನ್ನು ಮೇಲೆ ನಾನೂ ಅಡುಗೆ ಕಲಿಯುತ್ತೇನೆ ಅಂದಾಗ ನನಗೂ ಖುಷಿಯಾಯಿತು. ಯಾರಿಗೆ ಆಗಲ್ಲ ಹೇಳಿ? ಆದರೆ ಎಲ್ಲರ ಹಾಗೆ ಅನ್ನ, ತಿಳಿಸಾರಿನಿಂದ ಶುರು ಮಾಡಿದರೆ ಬ್ಯಾಂಕಿನವರು ಹೇಗಾದಾರು? ಮೊದಲು ಬುನಾದಿ ಗಟ್ಟಿಯಾಗಬೇಕಂತೆ. ಯಾವುದೋ ಉಚಿತ ಆನ್‌ಲೈನ್ ಕೋರ್ಸಿಗೆ ಸೇರಿ, ಆಹಾರ ಸುರಕ್ಷತೆ, ಪೌಷ್ಟಿಕತೆ ಎಲ್ಲ ಓದಿದರು. ನೋಟ್ಸ್ ಬರೆದರು. ಸರ್ಟಿಫಿಕೇಟ್ ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ ಮೇಲೆ ಅಂಟಿಸಿದರು. ಒಗ್ಗರಣೆಗೆ ಸಾಸಿವೆ ಮೊದಲೋ ಇಂಗು ಮೊದಲೋ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಮಾತ್ರ ಚೆನ್ನಾಗಿ ಗೊತ್ತು.

ಆಮೇಲೆ ಸಾಮಾನು ಬರತೊಡಗಿತು. ಮೊದಲು ಬಣ್ಣಬಣ್ಣದ ಕಟಿಂಗ್ ಬೋರ್ಡುಗಳು. ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ, ತರಕಾರಿಗೆ ಹಸಿರು. ನಮ್ಮದು ಮೊಟ್ಟೆಯೂ ಬಾರದ ಮನೆ. "ನಿಯಮ ಅಂದ್ರೆ ನಿಯಮ" ಅಂದರು. ಕೆಂಪು ಬೋರ್ಡಿನ ಮೇಲೆ ಈಗ ಬೀಟ್‌ರೂಟ್ ಹೆಚ್ಚುತ್ತೇನೆ, ಕಲೆ ಕಾಣಲ್ಲ. ಆಮೇಲೆ ತಾರೀಖಿನ ಸ್ಟಿಕ್ಕರ್ ಬಂತು. ಹುಣಸೆಹಣ್ಣಿನ ಡಬ್ಬಿಗೂ ಅಂಟಿಸಿದರು. ಕಲ್ಲುಪ್ಪಿನ ಡಬ್ಬಿಯನ್ನೂ ಬಿಡಲಿಲ್ಲ. ಸಮುದ್ರದಲ್ಲಿ ಎಷ್ಟು ಕಾಲ ಇತ್ತೋ, ನಮ್ಮ ಮನೆಗೆ ಬಂದ ಮೇಲೆ ಅದಕ್ಕೆ ಆಯುಸ್ಸು ಗೊತ್ತುಪಡಿಸಿದರು.

ಕೊನೆಗೆ ಬಂದಿದ್ದು ಥರ್ಮಾಮೀಟರ್. ಉದ್ದನೆಯ ಸೂಜಿ, ತುದಿಯಲ್ಲಿ ಪುಟ್ಟ ಪರದೆ. ಅವತ್ತಿನಿಂದ ಇವರು ಅದಿಲ್ಲದೆ ಊಟಕ್ಕೆ ಕೂತಿಲ್ಲ. ಬಿಸಿ ಮಾಡಿದ ಸಾರಿಗೆ ಚುಚ್ಚುತ್ತಾರೆ. "68. ಮತ್ತೆ ಬಿಸಿಮಾಡು, 75 ಡಿಗ್ರಿ ಆಗ್ಬೇಕು." ಮತ್ತೆ ಕಾಯಿಸಿದರೆ, ಆ ಸಾರನ್ನು ನಾಲಿಗೆಗೆ ಇಡುವ ಹಾಗಿಲ್ಲ. ಸರಿ, ಆರಲಿ ಅಂತ ಕಾಯುವುದು. ಆರುತ್ತಿದ್ದಂತೆ ಮತ್ತೆ ಚುಚ್ಚು. "ಬೇಗ ತಿನ್ನು, 60ರ ಹತ್ತಿರ ಬಂತು!" 5ರಿಂದ 60 ಡಿಗ್ರಿ ಅಪಾಯದ ವಲಯವಂತೆ, ಅದರೊಳಗೆ ರೋಗಾಣುಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವಂತೆ. ರೀ, ಮನುಷ್ಯರು ಊಟ ಮಾಡುವುದೂ ಅದೇ ವಲಯದಲ್ಲೇ ಅಲ್ವಾ ಅಂದೆ. ಉತ್ತರವಿಲ್ಲ. ಪಾಯಸಕ್ಕೆ ಚುಚ್ಚುತ್ತಿದ್ದರು.

ಇದೆಲ್ಲ ಸಹಿಸಿದ್ದೆ. ಆದರೆ ಭಾನುವಾರದ್ದು ಇದೆಯಲ್ಲ, ಅದರ ಕೋಪ ಇನ್ನೂ ಇಳಿದಿಲ್ಲ.

ನಾದಿನಿ ಮನೆಯವರು ಬೆಳಿಗ್ಗೆ ತಿಂಡಿಗೆ ಬರುವವರಿದ್ದರು. ಶನಿವಾರ ಉದ್ದು ನೆನೆಸಿ, ರುಬ್ಬಿ, ಇಡ್ಲಿ ರವೆ ಬೆರೆಸಿ, ಉಕ್ಕಿ ಚೆಲ್ಲದಿರಲಿ ಅಂತ ಪಾತ್ರೆಯ ಕೆಳಗೆ ತಟ್ಟೆ ಇಟ್ಟು ಮಲಗಿದೆ. ರಾತ್ರಿ ಇವರ ಫೋನು ಕೂಗಿತು. ಎದ್ದು ಹೋದರು. ನೀರು ಕುಡಿಯಲು ಹೋಗಿರಬೇಕು ಅಂತ ಮಗ್ಗುಲಾದೆ. ಬೆಳಿಗ್ಗೆ ನೋಡಿದರೆ ಕಟ್ಟೆಯ ಮೇಲೆ ತಟ್ಟೆ ಮಾತ್ರ ಇದೆ! ಪಾತ್ರೆ ಫ್ರಿಜ್ ಒಳಗೆ, ತಣ್ಣಗೆ, ಇಟ್ಟಿದ್ದಕ್ಕಿಂತ ಒಂದು ಗೆರೆಯೂ ಮೇಲೇಳದೆ ಕೂತಿದೆ. ಮೇಲೆ ಸ್ಟಿಕ್ಕರ್: "ತಯಾರಿಕೆ: ಶನಿವಾರ, ರಾತ್ರಿ 9.10".

"ಎರಡು ಗಂಟೆಗಿಂತ ಜಾಸ್ತಿ ಯಾವುದನ್ನೂ ಹೊರಗೆ ಇಡಬಾರದು ಕಣೇ. ನೀನು ಮರೆತಿದ್ದೆ."

"ರೀ, ಹುಳಿ ಬರಲಿ ಅಂತಲೇ ಹೊರಗೆ ಇಟ್ಟಿದ್ದು!"

"ಹುಳಿ ಬರೋದು ಬ್ಯಾಕ್ಟೀರಿಯಾದಿಂದ. ಅದನ್ನೇ ತಡೆದಿದ್ದೀನಿ."

ಹೌದು, ಬ್ಯಾಕ್ಟೀರಿಯಾವೇ. ಉದ್ದಿನಲ್ಲೂ ಅಕ್ಕಿಯಲ್ಲೂ ಇರುವ ಒಳ್ಳೆಯ ಜಾತಿಯವು, ಲ್ಯೂಕೊನೊಸ್ಟಾಕ್ ಮತ್ತು ಅದರ ಬಳಗ. ಅವಕ್ಕೆ ಬೇಕಾದದ್ದು ಇವರ ಅಪಾಯದ ವಲಯವೇ, ಒಂದು 30 ಡಿಗ್ರಿಯ ಆಸುಪಾಸು. ಅಲ್ಲಿ ಅವು ಗಾಳಿ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತವೆ, ಹುಳಿ ಮಾಡಿ ಕೆಟ್ಟ ಜಾತಿಯವು ತಲೆ ಎತ್ತದಂತೆ ನೋಡಿಕೊಳ್ಳುತ್ತವೆ. ಇದನ್ನೆಲ್ಲ ನಾನು ತಿಳಿದದ್ದು ಇವರದೇ ನೋಟ್ಸಿನಿಂದ. ಪುಟ ತಿರುಗಿಸಿದ್ದರೆ ಅಲ್ಲೇ ಇತ್ತು! ಬಹುಶಃ ಪರೀಕ್ಷೆಗೆ ಬಂದಿರಲಿಲ್ಲ.

ಗಂಟೆ ಏಳು. ದೋಸೆ ಹೊಯ್ಯೋಣ ಅಂದರೆ ರವೆಯ ಹಿಟ್ಟು. ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿದೆ, ಚೂರು ಸೋಡಾ ಹಾಕಿದೆ, ದೇವರ ಮೇಲೆ ಭಾರ ಹಾಕಿದೆ. ಮುಚ್ಚಳ ತೆಗೆದಾಗ ಕಂಡದ್ದು ಕೇರಂ ಸ್ಟ್ರೈಕರ್‌ಗಳಂಥ ಇಡ್ಲಿ. ನಾದಿನಿ ಒಂದು ಮುರಿದಳು, ಅಂದರೆ ಮುರಿಯಲು ನೋಡಿದಳು. "ಅತ್ತಿಗೆ, ಇದು ಸಿರಿಧಾನ್ಯದ್ದಾ?" ಅವಳ ಗಂಡ ಮಾತಾಡದೆ ಚಟ್ನಿ ಜಾಸ್ತಿ ಹಾಕಿಸಿಕೊಂಡರು. ಇವರು ಥರ್ಮಾಮೀಟರ್ ಚುಚ್ಚಿದರು. ಒಳಗೆ ಹೋಗಲಿಲ್ಲ. ಪಕ್ಕದಿಂದ ಚುಚ್ಚಿದರು. "88 ಡಿಗ್ರಿ, ಪೂರ್ತಿ ಸೇಫ್" ಅಂತ ಘೋಷಿಸಿದರು. ಹೋಗುವಾಗ ನಾದಿನಿ ನನ್ನ ಕೈ ಹಿಡಿದು, "ವಯಸ್ಸಾದ ಹಾಗೆ ಒಬ್ಬರೇ ಎಲ್ಲಾ ಮಾಡೋಕೆ ಹೋಗ್ಬೇಡಿ ಅತ್ತಿಗೆ, ಅಣ್ಣನ ಹೆಲ್ಪ್ ತಗೊಳ್ಳಿ" ಅಂದಳು.

ಇವರು ಹೇಳುವುದೆಲ್ಲ ತಪ್ಪು ಅಂತಲ್ಲ. ರಾತ್ರಿ ಉಳಿದ ಅನ್ನವನ್ನು ಹಾಗೇ ಹೊರಗೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸಬಾರದು ಅನ್ನುವುದು ಸರಿಯೇ. ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಬೇಯಿಸಿದರೂ ಅದರ ಬೀಜಕಣ ಸಾಯಲ್ಲ. ಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಗೂ ಹೆದರಲ್ಲ. ಈಗ ಅನ್ನ ಫ್ರಿಜ್‌ಗೆ ಹೋಗುತ್ತದೆ. ಆದರೆ ತಿಂಡಿ ಆದ ಮೇಲೆ ಒಂದು ಗಂಟೆ ಕಾಫಿ ಇಲ್ಲ, ಕಬ್ಬಿಣದ ಅಂಶ ಮೈಗೆ ಹತ್ತಲ್ಲ ಅಂದರಲ್ಲ, ಅದು ಮಾತ್ರ ಅತಿಯಾಯಿತು. ಕಾಫಿ ಇದೆ ಅನ್ನುವ ಧೈರ್ಯದ ಮೇಲೇ ನಾನು ತಿಂಡಿ ಮಾಡುವುದು.

ಅತ್ತೆಯವರ ನೆನಪಾಗುತ್ತದೆ. ಅವರ ಕಾಲದಲ್ಲಿ ಫ್ರಿಜ್ ಇರಲಿಲ್ಲ. ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆಗೆ ಹೋದರೆ, "ಮುಸುರೆ ಕೈ, ತೊಳ್ಕೋ!" ಅಂತ ಒಳಗಿನಿಂದಲೇ ಕೂಗುತ್ತಿದ್ದರು. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ತಾಗುವಂತಿರಲಿಲ್ಲ. ಹಾಲು ಎರಡು ಹೊತ್ತೂ ಕಾಯಬೇಕು. ಮಡಿಯ ಹೆಸರಿನಲ್ಲಿ ಬೇಡದ್ದೂ ಬೇಕಾದಷ್ಟಿತ್ತು, ನನಗೆ ಆಗಲೂ ಸಿಟ್ಟು ಬರುತ್ತಿತ್ತು. ಇವರಂತೂ "ಅಮ್ಮಾ, ಇದೆಲ್ಲ ಮೂಢನಂಬಿಕೆ" ಅಂತ ನಗುತ್ತಿದ್ದರು. ಈಗ ಅದನ್ನೇ ಪರದೆ ಮೇಲೆ ಯಾರೋ ಕೋಟು ಹಾಕಿಕೊಂಡು ಹೇಳಿದರು ಅಂತ ನೋಟ್ಸ್ ಬರೆದುಕೊಂಡಿದ್ದಾರೆ. ಅತ್ತೆಯವರ ಕೂಗು ಇನ್ನೊಮ್ಮೆ ಕೇಳಿದ್ದರೆ ಚೆನ್ನಾಗಿತ್ತು. ಹೋಗಲಿ ಬಿಡಿ.

ಈ ವಾರದ ಪಾಠ ಉಪ್ಪು. ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ. ತೂಕದ ಯಂತ್ರ ನಿನ್ನೆ ಬಂತು. ಬೆಳಿಗ್ಗೆಯಿಂದ ಹಪ್ಪಳ, ಸಂಡಿಗೆ ಎಲ್ಲ ತೂಗಿಸಿಕೊಳ್ಳುತ್ತಿವೆ. ಮಾವಿನಮಿಡಿ ಭರಣಿ ಎಲ್ಲಿ ಅಂತ ಇವರು ಕೇಳಿದರು. ಖಾಲಿಯಾಯಿತು ಅಂದೆ. ಅದು ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಹಿಂದೆ ಇದೆ. ಬೀಗದ ಕೈ ನನ್ನ ಹತ್ತಿರವೇ ಇದೆ.