ಸತ್ಯಾಂಶ: ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆ ಸೌಂಡ್‌ಪ್ರೂಫ್ ಆಗದು

ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟಿಸಿದರೆ ಪಾಡ್‌ಕಾಸ್ಟ್ ಸ್ಟುಡಿಯೋ ಸಿದ್ಧ ಎಂಬ ವಾಟ್ಸಾಪ್ ಸಂದೇಶ ತಪ್ಪು. ಹೊರಗಿನ ಸದ್ದನ್ನು ತಡೆಯುವುದು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು, ಕಿಟಕಿ. ಟ್ರೇ ಹಗುರ ಕಾಗದ; ಸದ್ದು ದಾಟಿಯೇ ಬರುತ್ತದೆ. ಮೇಲಾಗಿ ಬೇಗ ಬೆಂಕಿ ಹಿಡಿಯುತ್ತದೆ, ಕಾಸರಗೋಡಿನ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ.

ನಮ್ಮ ಟೆರೇಸ್ ಮನೆಗಳಲ್ಲಿ ನಿಜವಾದ ತೊಂದರೆ ಕೋಣೆಯೊಳಗಿನ ಪ್ರತಿಧ್ವನಿ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಕೊನೆಗೆ ಝಣ್ ಎಂದರೆ ಆ ಕೋಣೆ ಬೇಡ. ಬಟ್ಟೆ ತುಂಬಿದ ಕಪಾಟು, ಹಾಸಿಗೆ ಇರುವ ಚಿಕ್ಕ ಕೋಣೆ ಹಿಡಿಯಿರಿ. ಮಾತನಾಡುವವರ ಹಿಂದೆ ಮತ್ತು ಪಕ್ಕದಲ್ಲಿ ದಪ್ಪ ಕಂಬಳಿಯನ್ನು ಗೋಡೆಯಿಂದ ನಾಲ್ಕೈದು ಇಂಚು ಬಿಟ್ಟು ತೂಗುಹಾಕಿ. ಆ ಅಂತರ ಇದ್ದರೆ ಕಂಬಳಿ ಸದ್ದನ್ನು ಹೆಚ್ಚು ಹೀರುತ್ತದೆ.

ಎಲ್ಲಕ್ಕಿಂತ ಮುಖ್ಯ, ಮೈಕ್ ಬಾಯಿಯಿಂದ 10–15 ಸೆಂಟಿಮೀಟರ್ ದೂರದಲ್ಲಿ, ಸ್ವಲ್ಪ ಓರೆಯಾಗಿ ಇರಲಿ. ನೇರ ಹಿಡಿದರೆ ಪ, ಬ, ಭ ಅಕ್ಷರಗಳು ಗಾಳಿ ಊದಿದಂತೆ ಕೇಳುತ್ತವೆ. ಫ್ಯಾನ್ ಆಫ್ ಮಾಡಿ. ರೆಕಾರ್ಡಿಂಗ್ ಮೀಟರ್‌ನಲ್ಲಿ ದನಿಯ ಮಟ್ಟ ಅತಿ ಹೆಚ್ಚೆಂದರೆ ಮೈನಸ್ 6 ಡೆಸಿಬೆಲ್ ಇರಲಿ. ಮೀಟರ್‌ನ ಕೊನೆಯ ಮಿತಿಯಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಮಾಡಲಾಗದು. ಶೀಟು ಮಾಡಿನ ಮೇಲೆ ಮಳೆ ಜೋರಿದ್ದರೆ ರೆಕಾರ್ಡಿಂಗನ್ನು ಮುಂದೂಡುವುದೇ ಸರಿ.