ಮೊದಲ ಮಾತು ಯಾರದ್ದು?

ಕುರಸಾವೊ ದ್ವೀಪಕ್ಕೆ ಬಂದ ಹೊಸತು. ಹಲ್ಲುನೋವು ಅಂತ ಡಾಕ್ಟರ್ ಹತ್ತಿರ ಹೋಗಿದ್ದೆ. ಆರೇಳು ಜನ ಕಾಯುತ್ತಾ ಕೂತಿದ್ದರು. ನಾನು ನಮ್ಮೂರಿನ ಅಭ್ಯಾಸದಂತೆ ಯಾರ ಮುಖವನ್ನೂ ನೋಡದೆ ಮೂಲೆಯ ಕುರ್ಚಿ ಹಿಡಿದು ಮೊಬೈಲ್ ತೆಗೆದೆ. ಎದುರಿಗಿದ್ದ ಅಜ್ಜಿ ನನ್ನನ್ನೇ ದಿಟ್ಟಿಸಿ, ತುಸು ಜೋರಾಗಿಯೇ "ಬೊನ್ ದಿಯಾ!" ಅಂದರು. ಹೇಳಿದ್ದು ಶುಭೋದಯ, ಕೇಳಿಸಿದ್ದು ಬೈಗುಳ. ಇಲ್ಲಿ ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲಿಗೆ ಕಾಲಿಟ್ಟರೂ ಒಳಗಿರುವವರಿಗೆ ಒಂದು ಮಾತು ಹೇಳಲೇಬೇಕು.

ವೆನೆಜುವೆಲಾ ಕರಾವಳಿಯಿಂದ ಸುಮಾರು 65 ಕಿ.ಮೀ. ದೂರದ ದ್ವೀಪ ಇದು. 444 ಚದರ ಕಿ.ಮೀ. ನೆಲ, ಒಂದೂವರೆ ಲಕ್ಷದಷ್ಟು ಜನ. 2010ರಿಂದ ನೆದರ್ಲೆಂಡ್ಸ್ ರಾಜ್ಯದೊಳಗೇ ಇದ್ದುಕೊಂಡು ತನ್ನ ಸರ್ಕಾರ ತಾನೇ ನಡೆಸುತ್ತದೆ. ಸೈನ್ಯ ಮಾತ್ರ ಡಚ್ಚರದ್ದು. ಗುಲಾಮರಾಗಿ ಆಫ್ರಿಕಾದಿಂದ ಹಡಗೇರಿ ಬಂದವರ ಮಕ್ಕಳು ಮೊಮ್ಮಕ್ಕಳೇ ಇಲ್ಲಿ ಜಾಸ್ತಿ. ಗುಲಾಮಗಿರಿ ಹೋದದ್ದು 1863ರಲ್ಲಿ. ರಾಜಧಾನಿ ವಿಲ್ಲೆಮ್‌ಸ್ಟಾಡ್‌ನ ಪೇಟೆಯಲ್ಲಿ ಸಿಂಧಿ ಅಂಗಡಿಗಳೂ ಇವೆ. ಮಳೆ ಕಮ್ಮಿ, ಕಳ್ಳಿ ಜಾಸ್ತಿ. ಕುಡಿಯುವ ನೀರು ಸಮುದ್ರದ್ದೇ, ಉಪ್ಪು ತೆಗೆದದ್ದು.

ಊಟಕ್ಕೆ ನನಗೆ ತೊಂದರೆಯಾಗಲಿಲ್ಲ. ಫುಂಚಿ ಅಂತ ಮಾಡುತ್ತಾರೆ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು, ಗಂಟಾಗದಂತೆ ಮರದ ಕೋಲಿನಲ್ಲಿ ತೊಳಸುವುದು. ಆ ಕೋಲು ನೋಡಿ ಅಮ್ಮನ ಮುದ್ದೆಕೋಲೇ ಕಣ್ಣಿಗೆ ಬಂತು. ಜೊತೆಗೆ ಮೇಕೆಮಾಂಸದ ಗಟ್ಟಿ ಸಾರು. ನಾನು ಅಗಿಯದೆ ನುಂಗಿದ್ದಕ್ಕೆ ಪಕ್ಕದ ಮನೆಯವರು ಗಾಬರಿಯಾದರು, ಅದು ಬೇರೆ ಮಾತು.

ನನಗೆ ಹೊಟ್ಟೆಕಿಚ್ಚಾಗುವುದು ಇವರ ಪಾಪಿಯಾಮೆಂಟು ಭಾಷೆಯ ವಿಷಯದಲ್ಲಿ. ಪೋರ್ಚುಗೀಸ್, ಸ್ಪ್ಯಾನಿಷ್, ಡಚ್, ಆಫ್ರಿಕಾದ ಮಾತು ಎಲ್ಲಾ ಸೇರಿ ಆದ ನುಡಿ. 2007ರಲ್ಲಿ ಡಚ್, ಇಂಗ್ಲಿಷ್ ಜೊತೆ ಆಡಳಿತ ಭಾಷೆಯೂ ಆಯಿತು. ನಾನು ಹೋಗುವ ತರಕಾರಿ ಅಂಗಡಿಯಾಕೆಗೆ ನಾಲ್ಕು ಭಾಷೆ ಬರುತ್ತದೆ. ಆದರೂ ಬಾಯಿ ತೆರೆಯುವುದು ಪಾಪಿಯಾಮೆಂಟುವಿನಲ್ಲೇ. ನಾನು ತಡವರಿಸಿದರೆ ಇಂಗ್ಲಿಷಿಗೆ ಬರುತ್ತಾರೆ, ಹೋಗುವಾಗ ಮತ್ತೆ "ಅಯೋ, ದುಶಿ!" ಅಯೋ ಅಂದರೆ ಹೋಗಿ ಬನ್ನಿ; ದುಶಿ ಅಂದರೆ ಸಿಹಿ, ಮುದ್ದು. ನಮ್ಮ "ಚಿನ್ನ" ಇದ್ದಹಾಗೆ. ಇದರಲ್ಲಿ ಜಗಳವೂ ಇಲ್ಲ, ಸಂಕೋಚವೂ ಇಲ್ಲ.

ಹಾಗಂತ ಇದೇನು ಸ್ವರ್ಗ ಅಲ್ಲ. ಮುಂದೆ ಓದಲು ಹಾಲೆಂಡಿಗೆ ಹೋಗಬೇಕಲ್ಲ ಅಂತ ಮಕ್ಕಳನ್ನು ಡಚ್ ಶಾಲೆಗೆ ಹಾಕುವ ಅಪ್ಪ ಅಮ್ಮ ಇಲ್ಲೂ ಬೇಕಾದಷ್ಟಿದ್ದಾರೆ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ಹೋದ ಸಲ ರಜೆಗೆ ಬಂದಾಗ ಬೆಂಗಳೂರಿನ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಹುಡುಗ ಹಿಂದಿಯಲ್ಲಿ ಕೇಳಿದ, ನಾನೂ ಸುಮ್ನೆ ಹಿಂದಿಯಲ್ಲೇ ಚೌಕಾಸಿ ಮಾಡಿದೆ. ಇಬ್ಬರದ್ದೂ ಹರಕುಮುರುಕು ಹಿಂದಿ. ದುಡ್ಡು ಕೊಡುವಾಗ ಅವನ ಫೋನ್ ಬಂತು. "ಹೇಳಮ್ಮಾ, ಊಟ ಆಯ್ತಾ?" ಅಂದ. ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಚಿಲ್ಲರೆಯನ್ನು ಮಾತ್ರ ಕನ್ನಡದಲ್ಲಿ ಎಣಿಸಿಕೊಟ್ಟ.